ಸುವರ್ಣ ಅನುಪಾತವನ್ನು ಕೈಯಾರೆ ಬರೆದು, ಎಣಿಸಿ, ಅಳೆಯುವುದು ಹೇಗೆ?

ಸುವರ್ಣ ಅನುಪಾತದ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ. ಈ 1.618 ಎಂಬ ಸಂಖ್ಯೆ ಬಂದದ್ದೆಲ್ಲಿಂದ? ಸೂರ್ಯಕಾಂತಿಯಲ್ಲಿ ಅದು ಇದೆ ಅನ್ನುತ್ತಾರಲ್ಲ, ಕಣ್ಣಾರೆ ನೋಡುವುದು ಹೇಗೆ? ಪೋಸ್ಟರಿಗೋ ಪುಸ್ತಕದ ಪುಟಕ್ಕೋ ಅದನ್ನು ಬಳಸುವ ಕ್ರಮ ಏನು? ಮೂರನ್ನೂ ಮಾಡಿ ನೋಡಿಯೇ ತಿಳಿಯಬೇಕು. ಈ ಅನುಪಾತದ ಬಗ್ಗೆ ಹೇಳುವ ಮಾತುಗಳಲ್ಲಿ ಅರ್ಧದಷ್ಟು ಅಳತೆಗೆ ನಿಲ್ಲುವುದಿಲ್ಲ. ನಿಲ್ಲುವ ಇನ್ನರ್ಧ ಮಾತ್ರ ಬೆರಗು ಹುಟ್ಟಿಸುವಂಥದ್ದು. ಎರಡನ್ನೂ ಬೇರ್ಪಡಿಸಲು ನಿಮ್ಮ ಕೈಯಲ್ಲಿ ಸ್ಕೇಲು ಇರಬೇಕು.

ಬೇಕಾಗುವ ಸಾಮಾನು: ಕೈವಾರ, 30 ಸೆಂ.ಮೀ. ಸ್ಕೇಲು, ಮೂಲೆಮಟ್ಟ, ಚೂಪಾದ ಗಟ್ಟಿ ಪೆನ್ಸಿಲ್ (2ಎಚ್ ಒಳ್ಳೆಯದು), ನಾಲ್ಕೈದು ಎ4 ಹಾಳೆ, ಎರಡು ಬಣ್ಣದ ಸ್ಕೆಚ್ ಪೆನ್, ಸಾಧಾರಣ ಕ್ಯಾಲ್ಕುಲೇಟರ್. ಆರನೇ ಹಂತಕ್ಕೆ ಸ್ಪ್ರೆಡ್‌ಶೀಟ್ ಇರುವ ಕಂಪ್ಯೂಟರ್ ಬೇಕು. ಐದನೆಯದಕ್ಕೆ ಒಂದು ಸೂರ್ಯಕಾಂತಿ ತೆನೆ, ಸಿಗದಿದ್ದರೆ ಅನಾನಸ್ ಹಣ್ಣು.

ಹಂತ 1: ಸಂಖ್ಯೆಯನ್ನು ಹೊರಡಿಸುವುದು

ಒಂದು ಗೆರೆಯನ್ನು ಎರಡು ತುಂಡು ಮಾಡಿ. ಇಡೀ ಗೆರೆಗೂ ದೊಡ್ಡ ತುಂಡಿಗೂ ಇರುವ ಅನುಪಾತವೇ ದೊಡ್ಡ ತುಂಡಿಗೂ ಚಿಕ್ಕ ತುಂಡಿಗೂ ಇರಬೇಕು. ಷರತ್ತು ಇಷ್ಟೇ. ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ನಲ್ಲಿ ಇದನ್ನು ಹೀಗೆಯೇ ಹೇಳಿದ್ದಾನೆ. ‘ಸುವರ್ಣ’ ಎಂಬ ವಿಶೇಷಣ ಅವನದಲ್ಲ. ಅದು 1835ರಲ್ಲಿ ಜರ್ಮನಿಯ ಗಣಿತಜ್ಞ ಮಾರ್ಟಿನ್ ಓಮ್‌ನ ಪುಸ್ತಕದಲ್ಲಿ ಕಾಣಿಸಿಕೊಂಡದ್ದು.

ಚಿಕ್ಕ ತುಂಡು 1, ದೊಡ್ಡದು ‘ಫೈ’ ಎಂದಿಟ್ಟುಕೊಂಡರೆ ಷರತ್ತು ಹೀಗಾಗುತ್ತದೆ: ಫೈ × ಫೈ = ಫೈ + 1. ಈ ವರ್ಗ ಸಮೀಕರಣವನ್ನು ಬಿಡಿಸಿದರೆ ಸಿಗುವ ಧನಾತ್ಮಕ ಉತ್ತರ (1 + √5) ÷ 2, ಅಂದರೆ 1.6180339887… ಇದು ಅಭಾಗಲಬ್ಧ ಸಂಖ್ಯೆ, ಯಾವ ಭಿನ್ನರಾಶಿಯಾಗಿಯೂ ಪೂರ್ತಿ ಬರೆಯಲಾಗದು.

ಸಮೀಕರಣ ಬೇಡವೆಂದರೆ ಕ್ಯಾಲ್ಕುಲೇಟರಿನಲ್ಲಿ ಯಾವುದಾದರೂ ಧನ ಸಂಖ್ಯೆ ಒತ್ತಿ. 1ನ್ನು ಅದರಿಂದ ಭಾಗಿಸಿ, ಬಂದದ್ದಕ್ಕೆ 1 ಕೂಡಿಸಿ. ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡಿ. 5ರಿಂದ ಹೊರಟರೆ 1.2, 1.8333, 1.5455, 1.6471, 1.6071, 1.6222, 1.6164, 1.6186 ಎಂದು ಮೇಲೆ ಕೆಳಗೆ ತೂಗಾಡುತ್ತ 1.618ಕ್ಕೆ ಬಂದು ನಿಲ್ಲುತ್ತದೆ. ಹೊರಟ ಸಂಖ್ಯೆ ಯಾವುದಾದರೂ ಸೇರುವ ಜಾಗ ಒಂದೇ.

ಎಷ್ಟು ದಶಮಾಂಶ ಬೇಕು? ಕಾಗದದ ಕೆಲಸಕ್ಕೆ 1.62 ಸಾಕು, 30 ಸೆಂ.ಮೀ. ಗೆರೆಯಲ್ಲಿ ತಪ್ಪು ಕಾಲು ಮಿಲಿಮೀಟರಿಗಿಂತ ಕಡಿಮೆ. ಆದರೆ ಆರನೇ ಹಂತದ ಕೋನದಲ್ಲಿ ಒಂದು ದಶಮಾಂಶ ತಪ್ಪಿದರೂ ಚಿತ್ರ ಕೆಡುತ್ತದೆ. ಜೊತೆಗೆ ಇನ್ನೆರಡು ಸಂಖ್ಯೆ ಬರೆದಿಟ್ಟುಕೊಳ್ಳಿ: 0.618 ಮತ್ತು 0.382. ಇಡೀ ಗೆರೆ 1 ಆದಾಗ ದೊಡ್ಡ, ಚಿಕ್ಕ ತುಂಡುಗಳ ಉದ್ದ ಇವು.

ಹಂತ 2: ಕೈವಾರದಿಂದ ಗೆರೆ ಮತ್ತು ಆಯತ

ಗೆರೆಯಿಂದ ಶುರು ಮಾಡಿ. 10 ಸೆಂ.ಮೀ. ಉದ್ದದ ‘ಅಬ’ ಗೆರೆ ಎಳೆಯಿರಿ. ‘ಬ’ ತುದಿಯಲ್ಲಿ ಮೂಲೆಮಟ್ಟ ಇಟ್ಟು 5 ಸೆಂ.ಮೀ. ಲಂಬ ಎಬ್ಬಿಸಿ, ಅದರ ತುದಿಗೆ ‘ಕ’ ಎಂದು ಹೆಸರಿಡಿ. ‘ಅ’ ಮತ್ತು ‘ಕ’ ಸೇರಿಸಿ. ಈ ಓರೆಗೆರೆ 11.18 ಸೆಂ.ಮೀ. ಬರಬೇಕು. ಬರದಿದ್ದರೆ ಲಂಬ ವಾಲಿದೆ, ಮುಂದೆ ಹೋಗಬೇಡಿ. ‘ಕ’ದಲ್ಲಿ ಕೈವಾರದ ಮುಳ್ಳು ಊರಿ 5 ಸೆಂ.ಮೀ. ತ್ರಿಜ್ಯದಲ್ಲಿ ಓರೆಗೆರೆಯ ಮೇಲೆ ಒಂದು ಗುರುತು ಹಾಕಿ. ‘ಅ’ದಿಂದ ಆ ಗುರುತಿಗೆ ಉಳಿದ ದೂರ 6.18. ಅಷ್ಟನ್ನೇ ಕೈವಾರದಲ್ಲಿ ಹಿಡಿದು ‘ಅ’ದಿಂದ ‘ಅಬ’ ಮೇಲೆ ಇಳಿಸಿ. ಗೆರೆ 6.18 ಮತ್ತು 3.82 ಆಗಿ ತುಂಡಾಯಿತು.

ಆಯತಕ್ಕೆ 10 ಸೆಂ.ಮೀ. ಚೌಕ ಬರೆದು, ಕೆಳಗಿನ ಬಾಹುವಿನ ಮಧ್ಯಬಿಂದುವಿನಲ್ಲಿ ಮುಳ್ಳು ಊರಿ. ಮೇಲಿನ ಬಲಮೂಲೆಯವರೆಗೆ ತ್ರಿಜ್ಯ ಹಿಡಿದು (ಇದೂ 11.18) ಕೆಳಕ್ಕೆ ಕಂಸ ಎಳೆದರೆ, ಬಲಕ್ಕೆ ಬೆಳೆಸಿದ ಕೆಳಬಾಹುವನ್ನು ಅದು ಎಡಮೂಲೆಯಿಂದ 16.18 ಸೆಂ.ಮೀ. ದೂರದಲ್ಲಿ ಕಡಿಯುತ್ತದೆ. ಅಲ್ಲಿಗೆ ಆಯತ ಮುಗಿಸಿ. ಅದರಿಂದ ಚೌಕವನ್ನು ಕತ್ತರಿಸಿ ತೆಗೆದರೆ ಉಳಿಯುವ 10 × 6.18ರ ತುಂಡು ಮತ್ತೆ ಸುವರ್ಣ ಆಯತವೇ. ಅದರಿಂದಲೂ ಚೌಕ ತೆಗೆಯಬಹುದು, ಹೀಗೆಯೇ ಮುಂದುವರಿಯಬಹುದು. ಆದರೆ ನಾಲ್ಕೈದು ಸಲಕ್ಕಿಂತ ಮುಂದೆ ಪೆನ್ಸಿಲಿನ ಗೆರೆಯ ದಪ್ಪವೇ ಅಳತೆಯನ್ನು ತಿನ್ನುತ್ತದೆ.

ಪ್ರತಿ ಚೌಕದಲ್ಲೂ ಕಾಲುವೃತ್ತ ಎಳೆದರೆ ಸಿಗುವ ಸುರುಳಿಯನ್ನೇ ಎಲ್ಲೆಡೆ ‘ಸುವರ್ಣ ಸುರುಳಿ’ ಎಂದು ತೋರಿಸುತ್ತಾರೆ. ನಿಜವಾದ ಸುರುಳಿಯ ಬಾಗು ಎಡೆಬಿಡದೆ ಬದಲಾಗುತ್ತದೆ. ಈ ಕಂಸಗಳದ್ದು ಚೌಕದ ಗಡಿಯಲ್ಲಿ ಥಟ್ಟನೆ ಬದಲಾಗುತ್ತದೆ. ಅಲಂಕಾರಕ್ಕೆ ಸಾಕು, ಅಳತೆಗೆ ಬಳಸಬೇಡಿ.

ಹಂತ 3: ಕಾಗದದ ಗಂಟು

ಕೈವಾರವೂ ಬೇಡದ ದಾರಿಯೊಂದಿದೆ, ಮಕ್ಕಳ ಜೊತೆ ಮಾಡಲು ಇದಕ್ಕಿಂತ ಒಳ್ಳೆಯದಿಲ್ಲ. ಎ4 ಹಾಳೆಯ ಉದ್ದಕ್ಕೆ ಸರಿಯಾಗಿ 3 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ದಾರಕ್ಕೆ ಹಾಕುವ ಹಾಗೆ ಒಂದು ಸಾದಾ ಗಂಟು ಹಾಕಿ, ಎರಡೂ ತುದಿ ಹಿಡಿದು ಮೆಲ್ಲಗೆ ಬಿಗಿಯುತ್ತ ಬನ್ನಿ. ಪಟ್ಟಿಯ ಅಂಚುಗಳು ಒಂದಕ್ಕೊಂದು ಕೂತಾಗ ಚಪ್ಪಟೆ ಒತ್ತಿ ಮಡಿಕೆ ತೀಡಿ. ಹೊರಚಾಚಿದ ತುದಿಗಳನ್ನು ಹಿಂದಕ್ಕೆ ಮಡಚಿದರೆ ಕೈಯಲ್ಲಿರುವುದು ನಿಯತ ಪಂಚಭುಜ: ಐದೂ ಬಾಹು, ಐದೂ ಕೋನ ಸಮ.

ಈಗ ಅಳೆಯಿರಿ. ಬಾಹು ಸುಮಾರು 3.15 ಸೆಂ.ಮೀ., ಒಂದು ಮೂಲೆ ಬಿಟ್ಟು ಮುಂದಿನ ಮೂಲೆಗೆ ಎಳೆದ ಕರ್ಣ ಸುಮಾರು 5.10. ಭಾಗಿಸಿದರೆ 1.62. ಇದು ಕಾಕತಾಳೀಯವಲ್ಲ. ನಿಯತ ಪಂಚಭುಜದಲ್ಲಿ ಕರ್ಣ ಮತ್ತು ಬಾಹುವಿನ ಅನುಪಾತ ಕರಾರುವಾಕ್ಕಾಗಿ ಫೈ. ಐದು ಕರ್ಣಗಳನ್ನೂ ಎಳೆದರೆ ಬರುವ ನಕ್ಷತ್ರದಲ್ಲಿ ಒಂದು ಕರ್ಣ ಇನ್ನೊಂದನ್ನು ಕಡಿಯುವ ಬಿಂದುವೂ ಅದನ್ನು ಸುವರ್ಣ ಅನುಪಾತದಲ್ಲಿಯೇ ತುಂಡರಿಸುತ್ತದೆ. ನಿಮ್ಮ ಉತ್ತರ 1.5 ಅಥವಾ 1.7 ಬಂದರೆ ಪಟ್ಟಿಯ ಅಗಲ ಒಂದೇ ಸಮ ಇಲ್ಲ, ಇಲ್ಲವೇ ಗಂಟು ಪೂರ್ತಿ ಬಿಗಿಯುವ ಮೊದಲೇ ಮಡಿಕೆ ಬಿದ್ದಿದೆ.

ಹಂತ 4: ಲಘು-ಗುರು ಎಣಿಕೆ

1, 2, 3, 5, 8, 13, 21, 34, 55, 89… ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಫಿಬೊನಾಚಿ ಸಂಖ್ಯೆಗಳೆಂದು ಹೆಸರಾದ ಇವು ಇಟಲಿಯ ಲಿಯೊನಾರ್ಡೊ ಫಿಬೊನಾಚಿಯ 1202ರ ಗ್ರಂಥದಲ್ಲಿ ಮೊಲಗಳ ಲೆಕ್ಕವಾಗಿ ಬಂದವು. ಅದಕ್ಕೂ ಮೊದಲೇ ಭಾರತದ ಛಂದಶ್ಶಾಸ್ತ್ರಜ್ಞರು ಇವನ್ನು ಮಾತ್ರೆಗಳ ಲೆಕ್ಕದಲ್ಲಿ ಕಂಡಿದ್ದರು. ವಿರಹಾಂಕ ಇದರ ನಿಯಮ ಕೊಟ್ಟಿದ್ದ. 12ನೇ ಶತಮಾನದಲ್ಲಿ ಗುಜರಾತಿನ ಹೇಮಚಂದ್ರ ಅದನ್ನು ಸ್ಪಷ್ಟವಾಗಿ ಬರೆದ. ಶಾಲೆಯಲ್ಲಿ ಪ್ರಸ್ತಾರ ಹಾಕಿ ಬಲ್ಲ ಕನ್ನಡಿಗರಿಗೆ ಮೊಲಗಳಿಗಿಂತ ಈ ದಾರಿಯೇ ಹತ್ತಿರ.

ಲಘುವಿಗೆ 1 ಮಾತ್ರೆ, ಗುರುವಿಗೆ 2. ನಾಲ್ಕು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ಬರೆದು ನೋಡಿ: ಲಲಲಲ, ಗಲಲ, ಲಗಲ, ಲಲಗ, ಗಗ. ಒಟ್ಟು 5. ಮೂರು ಮಾತ್ರೆಗೆ 3, ಐದಕ್ಕೆ 8. ಕಾರಣ ಸರಳ: ಕೊನೆಯದು ಲಘುವಾದರೆ ಅದರ ಹಿಂದಿರುವುದು ಒಂದು ಮಾತ್ರೆ ಕಡಿಮೆಯ ಗಣ; ಗುರುವಾದರೆ ಎರಡು ಮಾತ್ರೆ ಕಡಿಮೆಯದು. ಎರಡನ್ನೂ ಕೂಡಿದರೆ ಉತ್ತರ.

ಇಲ್ಲಿ ಒಂದು ಎಚ್ಚರ. ಇದು ಎಲ್ಲ ಸಾಧ್ಯತೆಗಳ ಲೆಕ್ಕ. ಕನ್ನಡದ ಷಟ್ಪದಿಯಲ್ಲಿ ಲಘುವಿನ ಬೆನ್ನಿಗೆ ಗುರು ಬಂದು ಶುರುವಾಗುವ ಗಣಗಳನ್ನು (ಲಗ, ಲಗಲ) ಕವಿಗಳು ದೂರವಿಟ್ಟಿದ್ದಾರೆ. ಹಾಗಾಗಿ ಭಾಮಿನಿಯ ಮೂರು-ನಾಲ್ಕು ಮಾತ್ರೆಯ ಗಣಗಳನ್ನು ಎಣಿಸಹೊರಟವರಿಗೆ 3 ಮತ್ತು 5 ಬದಲು 2 ಮತ್ತು 4 ಬಗೆಗಳು ಸಿಗುತ್ತವೆ. ಲೆಕ್ಕ ತಪ್ಪಲ್ಲ, ಲಯದ ಕಟ್ಟು ಬೇರೆ.

ಪಕ್ಕಪಕ್ಕದ ಸಂಖ್ಯೆಗಳನ್ನು ಭಾಗಿಸಿ: 8 ÷ 5 = 1.6, 21 ÷ 13 = 1.6154, 89 ÷ 55 = 1.6182. ಮುಂದೆ ಹೋದಷ್ಟೂ ಫೈಗೆ ಹತ್ತಿರ. ಸೂರ್ಯಕಾಂತಿಯಲ್ಲಿ ನೀವು ಎಣಿಸಲಿರುವುದು ಇದೇ ಸಂಖ್ಯೆಗಳನ್ನು.

ಹಂತ 5: ಸೂರ್ಯಕಾಂತಿಯಲ್ಲಿ ಸುರುಳಿ ಎಣಿಸುವುದು

ಹೆಚ್ಚಿನವರು ಸೋಲುವುದು ಇಲ್ಲಿಯೇ. ಕಣ್ಣು ಒಂದು ಸುರುಳಿಯಿಂದ ಇನ್ನೊಂದಕ್ಕೆ ಜಾರುತ್ತದೆ, ಎಣಿಕೆ ಪ್ರತಿ ಸಲ ಬೇರೆ ಬರುತ್ತದೆ. ಅದಕ್ಕೆ ಗಿಡದ ಮುಂದೆ ನಿಂತು ಎಣಿಸಬೇಡಿ.

ಕಾಳು ಕಟ್ಟಿದ, ಗಿಳಿ ತಿನ್ನದ, ಅಂಗೈಗಿಂತ ದೊಡ್ಡ ತೆನೆ ಆರಿಸಿ. ಉತ್ತರ ಕರ್ನಾಟಕದ ಹೊಲಗಳಲ್ಲಿ ಕೊಯ್ಲಿನ ಹೊತ್ತಿಗೆ ಇಂಥವು ಬೇಕಾದಷ್ಟು ಸಿಗುತ್ತವೆ. ಕಾಳಿನ ಮೇಲೆ ಒಣಗಿ ನಿಂತ ಸಣ್ಣ ಹೂಗಳನ್ನು ಅಂಗೈಯಿಂದ ಉಜ್ಜಿ ಉದುರಿಸಿದರೆ ಕಾಳಿನ ಸಾಲು ಎದ್ದು ಕಾಣುತ್ತದೆ. ನೇರ ಮೇಲಿನಿಂದ ಫೋಟೊ ತೆಗೆದು ಎ4 ಹಾಳೆಯ ತುಂಬ ಮುದ್ರಿಸಿ. ಓರೆಯಾಗಿ ತೆಗೆದರೆ ಒಂದು ಬದಿಯ ಸುರುಳಿಗಳು ಒತ್ತಿಕೊಂಡು ಲೆಕ್ಕ ತಪ್ಪುತ್ತದೆ.

ತೆನೆಯ ಅಂಚಿಗೆ ಹತ್ತಿರ ಒಂದು ವೃತ್ತ ಎಳೆಯಿರಿ. ಬಲಕ್ಕೆ ಬಾಗುವ ಸುರುಳಿಯೊಂದನ್ನು ಒಂದು ಬಣ್ಣದಲ್ಲಿ ತೀಡಿ ‘1’ ಎಂದು ಬರೆಯಿರಿ. ಅದರ ಪಕ್ಕದ್ದನ್ನು ತೀಡಿ ‘2’. ಹೀಗೆ ಆ ವೃತ್ತವನ್ನು ಒಂದು ಸುತ್ತು ಬನ್ನಿ. ಎಡಕ್ಕೆ ಬಾಗುವವನ್ನು ಇನ್ನೊಂದು ಬಣ್ಣದಲ್ಲಿ, ಅದೇ ವೃತ್ತದ ಮೇಲೆ ಎಣಿಸಿ. ಸಾಮಾನ್ಯವಾಗಿ 34 ಮತ್ತು 55, ದೊಡ್ಡ ತೆನೆಯಾದರೆ 55 ಮತ್ತು 89 ಬರುತ್ತದೆ.

ಎರಡೂ ಎಣಿಕೆ ಒಂದೇ ವೃತ್ತದ ಮೇಲೆ ನಡೆಯಲೇಬೇಕು. ಅಂಚಿನಲ್ಲಿ 34 ಒಂದು ದಿಕ್ಕಿಗೂ 55 ಇನ್ನೊಂದು ದಿಕ್ಕಿಗೂ ಬಾಗಿರುತ್ತವೆ. ಒಳಗೆ ಸರಿದ ಹಾಗೆ 55ರ ಗುಂಪು ಮಸುಕಾಗಿ, ಅದೇ ದಿಕ್ಕಿನಲ್ಲಿ 21ರ ಗುಂಪು ಮೇಲೆದ್ದು ಬರುತ್ತದೆ. 34 ಹಾಗೆಯೇ ಉಳಿಯುತ್ತದೆ. ಒಂದನ್ನು ಅಂಚಿನಲ್ಲಿ, ಇನ್ನೊಂದನ್ನು ಒಳಗೆ ಎಣಿಸಿದವರಿಗೆ ಸಿಗುವ ಜೋಡಿಗೆ ಅರ್ಥವಿಲ್ಲ.

33 ಅಥವಾ 56 ಬಂದರೆ ಇನ್ನೊಮ್ಮೆ ಎಣಿಸಿ, ಆದರೆ 34 ಬರಲೇಬೇಕೆಂದು ಹಟ ಹಿಡಿಯಬೇಡಿ. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಸಾರ್ವಜನಿಕರು ಬೆಳೆಸಿ ಕಳಿಸಿದ 657 ತೆನೆಗಳನ್ನು ಪರಿಶೀಲಿಸಲಾಗಿತ್ತು. ಬಹುಪಾಲು ಫಿಬೊನಾಚಿ ಸಂಖ್ಯೆಗಳೇ. ಕೆಲವು ಮಾತ್ರ ಲ್ಯೂಕಾಸ್ ಸರಣಿಯವು (1, 3, 4, 7, 11, 18, 29, 47, 76), ಮತ್ತೆ ಕೆಲವು ಯಾವ ಸರಣಿಗೂ ಸೇರದವು. ಗಿಡ ಲೆಕ್ಕ ಹಾಕಿ ಬೆಳೆಯುವುದಿಲ್ಲ, ಹಾಗಾಗಿ ಅಪವಾದ ಇರುವುದೇ ಸಹಜ.

ಅನಾನಸ್ ಆದರೆ ಕೆಲಸ ಹಗುರ. ಒಂದು ‘ಕಣ್ಣಿಗೆ’ ಗುಂಡುಸೂಜಿ ಚುಚ್ಚಿ, ಅಲ್ಲಿಂದ ಓರೆಸಾಲುಗಳನ್ನು ಎಣಿಸುತ್ತ ಹಣ್ಣನ್ನು ಒಂದು ಸುತ್ತು ತಿರುಗಿಸಿ. ಸಣ್ಣ ಓರೆಯ ಸಾಲುಗಳು 8, ಎದುರು ದಿಕ್ಕಿನ ಕಡಿದಾದವು 13, ನೆಟ್ಟಗೆ ಏರುವವು 21. ಸೂಜಿ ಚುಚ್ಚದಿದ್ದರೆ ಸುತ್ತು ಮುಗಿದದ್ದೇ ತಿಳಿಯುವುದಿಲ್ಲ.

ಹಂತ 6: ಸೂರ್ಯಕಾಂತಿಯನ್ನು ನೀವೇ ಬರೆಯುವುದು

ಎಣಿಸಿದ ಮೇಲೆ ಮನಸ್ಸಿಗೆ ಬರುವ ಪ್ರಶ್ನೆ: ಏಕೆ? ಉತ್ತರ ಸ್ಪ್ರೆಡ್‌ಶೀಟಿನಲ್ಲಿ ಸಿಗುತ್ತದೆ. 1979ರಲ್ಲಿ ಹೆಲ್ಮುಟ್ ಫೋಗೆಲ್ ಕೊಟ್ಟ ಸೂತ್ರ ಇದು.

ಮೊದಲ ಕಾಲಂನಲ್ಲಿ 1ರಿಂದ 600ರವರೆಗೆ ಅಂಕಿ ತುಂಬಿ; ಪ್ರತಿಯೊಂದೂ ಒಂದು ಕಾಳು. ಎರಡನೆಯದರಲ್ಲಿ ಆ ಅಂಕಿ × 137.508, ಇದು ಡಿಗ್ರಿಗಳಲ್ಲಿ ಕೋನ. ಮೂರನೆಯದರಲ್ಲಿ ಅಂಕಿಯ ವರ್ಗಮೂಲ. ಇದು ಕೇಂದ್ರದಿಂದ ದೂರ. ನಾಲ್ಕನೆಯದರಲ್ಲಿ ದೂರ × ಕೋನದ ಕೊಸೈನ್, ಐದನೆಯದರಲ್ಲಿ ದೂರ × ಕೋನದ ಸೈನ್. ಕೊನೆಯ ಎರಡು ಕಾಲಂ ಆರಿಸಿ ಬಿಂದುಗಳಷ್ಟೇ ಇರುವ, ಗೆರೆ ಸೇರಿಸದ ಸ್ಕ್ಯಾಟರ್ ಚಾರ್ಟ್ ಹಾಕಿ.

ಚಿತ್ರ ಚೆಲ್ಲಾಪಿಲ್ಲಿಯಾದರೆ ಕಾರಣ ಒಂದೇ: ಸ್ಪ್ರೆಡ್‌ಶೀಟ್ ಕೋನವನ್ನು ರೇಡಿಯನ್ನಿನಲ್ಲಿ ಕೇಳುತ್ತದೆ. ಡಿಗ್ರಿಯನ್ನು ರೇಡಿಯನ್ನಿಗೆ ಬದಲಿಸುವ ಫಂಕ್ಷನ್ ಬಳಸಿ, ಇಲ್ಲವೇ ಪೈನಿಂದ (ಫೈ ಅಲ್ಲ, 3.14159) ಗುಣಿಸಿ 180ರಿಂದ ಭಾಗಿಸಿ. ಮೊಟ್ಟೆಯಾಕಾರ ಬಂದರೆ ಚಾರ್ಟನ್ನು ಎಳೆದು ಚೌಕ ಮಾಡಿ, ಎರಡೂ ಅಕ್ಷಗಳ ಮಿತಿ –25ರಿಂದ 25ಕ್ಕೆ ಇಡಿ. ವರ್ಗಮೂಲ ಮರೆತು ಅಂಕಿಯನ್ನೇ ದೂರವಾಗಿ ಕೊಟ್ಟರೆ ನಡುವೆ ಕಿಕ್ಕಿರಿದು ಅಂಚು ಬಿಕೋ ಎನ್ನುತ್ತದೆ. ವರ್ಗಮೂಲವೇ ಪ್ರತಿ ಕಾಳಿಗೂ ಸಮ ಜಾಗ ಕೊಡುವುದು.

ಸರಿಯಾಗಿ ಬಂದ ಮೇಲೆ ಕೋನವನ್ನು ಬದಲಿಸಿ ನೋಡಿ, ಈ ಲೇಖನದ ಜೀವ ಇರುವುದು ಇಲ್ಲಿ. 144 ಕೊಟ್ಟರೆ 5 ನೇರ ಕಡ್ಡಿಗಳು, 135 ಕೊಟ್ಟರೆ 8. ಏಕೆಂದರೆ 135 ಎಂದರೆ ಪೂರ್ತಿ ಸುತ್ತಿನ ಎಂಟರಲ್ಲಿ ಮೂರು ಪಾಲು. ಒಂಬತ್ತನೇ ಕಾಳು ಒಂದನೆಯದರ ನೇರದಲ್ಲೇ ಬೀಳುತ್ತದೆ, ಕಡ್ಡಿಗಳ ನಡುವಿನ ಜಾಗವೆಲ್ಲ ದಂಡ. 360 × ಪೈ ಕೊಟ್ಟರೆ 7 ಬಾಗಿದ ತೋಳುಗಳು. ಪೈ ಅಭಾಗಲಬ್ಧವೇ ಆದರೂ 22/7ಕ್ಕೆ ತೀರ ಹತ್ತಿರ. 137.3 ಅಥವಾ 137.6 ಕೊಟ್ಟರೆ ಒಂದೇ ದಿಕ್ಕಿನ ಸುರುಳಿಗಳು ಮೇಲುಗೈ ಪಡೆದು ನಡುವೆ ಬಿರುಕು ಬಿಡುತ್ತದೆ.

137.508 ಬಂದದ್ದು ಹೀಗೆ: 360ನ್ನು ಫೈಯಿಂದ ಎರಡು ಸಲ ಭಾಗಿಸಿ. ಇದು ಸುವರ್ಣ ಕೋನ. ಅಭಾಗಲಬ್ಧ ಸಂಖ್ಯೆಗಳಲ್ಲೆಲ್ಲ ಭಿನ್ನರಾಶಿಗಳಿಂದ ಸಮೀಪಿಸಲು ಅತಿ ಕಷ್ಟವಾದದ್ದು ಫೈ. 1891ರಲ್ಲಿ ಅಡಾಲ್ಫ್ ಹುರ್ವಿಟ್ಸ್ ಸಾಧಿಸಿದ ಪ್ರಮೇಯದ ಹುರುಳು ಇದು. ಆದ್ದರಿಂದ ಯಾವ ಕಾಳೂ ಹಿಂದಿನದರ ನೇರಕ್ಕೆ ಬರುವುದಿಲ್ಲ, ಜಾಗ ಪೋಲಾಗುವುದಿಲ್ಲ. ಇದ್ದುದರಲ್ಲಿ ಹತ್ತಿರ ಬರುವ ಭಿನ್ನರಾಶಿಗಳ ಛೇದಗಳು 21, 34, 55 ಆಗಿರುವುದರಿಂದಲೇ ಕಣ್ಣಿಗೆ ಆ ಸಂಖ್ಯೆಯ ಸುರುಳಿಗಳು ಕಾಣುತ್ತವೆ.

ಗಿಡಕ್ಕೆ ಈ ಕೋನ ಯಾರು ಹೇಳಿದರು? ಯಾರೂ ಇಲ್ಲ. ಬೆಳೆಯುವ ತುದಿಯಲ್ಲಿ ಹೊಸ ಮೊಗ್ಗು ಹಳೆಯವುಗಳಿಂದ ದೂರದ ಬಿಡುವಿನಲ್ಲಿ ಮೂಡುತ್ತದೆ. ಹಳೆಯವು ಸುತ್ತಲಿನ ಆಕ್ಸಿನ್ ಎಂಬ ಹಾರ್ಮೋನನ್ನು ಸೆಳೆದುಕೊಂಡಿರುತ್ತವೆ. 1992ರಲ್ಲಿ ಫ್ರಾನ್ಸಿನ ದುವಾಡಿ ಮತ್ತು ಕೂಡರ್ ಎಣ್ಣೆಯ ತಟ್ಟೆಯ ನಡುವೆ ಒಂದನ್ನೊಂದು ದೂಡುವ ಕಾಂತೀಯ ದ್ರವದ ಹನಿಗಳನ್ನು ಬೀಳಿಸಿದರು. ಹನಿಗಳು ಬೇಗಬೇಗ ಬಿದ್ದಾಗ ಅವುಗಳ ನಡುವಿನ ಕೋನ ತಾನಾಗಿಯೇ 137.5ರ ಹತ್ತಿರ ನಿಂತಿತು. ಜೀವವಿಲ್ಲದ ಹನಿಯೂ ಅದೇ ಲೆಕ್ಕಕ್ಕೆ ಬರುತ್ತದೆ.

ಹಂತ 7: ವಿನ್ಯಾಸಕ್ಕೆ ಹಚ್ಚುವುದು

ಎ3 ಪೋಸ್ಟರ್ ಎಂದಿಟ್ಟುಕೊಳ್ಳಿ: 29.7 × 42 ಸೆಂ.ಮೀ. ಹಾಳೆಯನ್ನೇ ಸುವರ್ಣ ಆಯತ ಮಾಡಲು ಹೋಗಬೇಡಿ. ಎ ಸರಣಿಯ ಹಾಳೆಗಳ ಅನುಪಾತ 1.414, ಎ4ನಿಂದ ಸುವರ್ಣ ಆಯತ ಬೇಕೆಂದರೆ ಅಗಲದಲ್ಲಿ 2.64 ಸೆಂ.ಮೀ. ಕತ್ತರಿಸಿ ಎಸೆಯಬೇಕು, ಸಾವಿರ ಪ್ರತಿಗೆ ಅದು ದುಡ್ಡಿನ ಮಾತು. ಒಳಗಿನ ಜಾಗವನ್ನು ಭಾಗಿಸಿ. 42 × 0.618 = 26 ಸೆಂ.ಮೀ. ಚಿತ್ರಕ್ಕೆ, ಉಳಿದ 16 ಬರಹಕ್ಕೆ. ಆ 16ನ್ನು ಮತ್ತೆ 9.9 ಮತ್ತು 6.1 ಮಾಡಿ ವಿವರ, ವಿಳಾಸಗಳಿಗೆ ಹಂಚಿ.

ವೆಬ್ ಪುಟದಲ್ಲಿ ಎರಡು ಕಾಲಂ ಮಾಡುವಾಗ ನಡುವಿನ ಖಾಲಿ ಜಾಗವನ್ನು ಮೊದಲು ಕಳೆಯಿರಿ. 1200 ಪಿಕ್ಸೆಲ್‌ನಲ್ಲಿ 30 ತೆಗೆದರೆ 1170. ಅದು 723 ಮತ್ತು 447. ಮೊದಲು ಭಾಗಿಸಿ ಆಮೇಲೆ ಜಾಗ ಕದ್ದರೆ ಅನುಪಾತ ಕೆಡುತ್ತದೆ.

ಅಕ್ಷರದ ಗಾತ್ರಕ್ಕೆ ಮೂಲ 12 ಪಾಯಿಂಟ್ ಆದರೆ ಮುಂದಿನವು 19.4, 31.4, 50.8. ಈ ಹಾರಿಕೆ ಪುಸ್ತಕಕ್ಕೆ ಜಾಸ್ತಿ, ಉಪಶೀರ್ಷಿಕೆಗೆ ಗಾತ್ರವೇ ಉಳಿಯುವುದಿಲ್ಲ. ಆಗ ಫೈಯ ವರ್ಗಮೂಲ 1.272 ಬಳಸಿ: 12, 15.3, 19.4, 24.7, 31.4. ಸಾಲುಗಳ ಅಂತರಕ್ಕೆ 12ರ ಮೇಲೆ 19.4 ಇಂಗ್ಲಿಷಿಗೆ ತುಸು ಸಡಿಲ ಎನಿಸಬಹುದು. ಕನ್ನಡಕ್ಕೆ ಹೊಂದುತ್ತದೆ, ಏಕೆಂದರೆ ಕೆಳಗಿಳಿಯುವ ಒತ್ತಕ್ಷರಕ್ಕೂ ಮುಂದಿನ ಸಾಲಿನ ಗುಡಿಸಿಗೂ ನಡುವೆ ಉಸಿರು ಬೇಕು. ಕೆಲವು ಫಾಂಟುಗಳಲ್ಲಿ ಅಂತರ ಮೊದಲೇ ಸೇರಿರುತ್ತದೆ. ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳನ್ನು ಎರಡು ಸಾಲಿನಲ್ಲಿ ಮುದ್ರಿಸಿ ನೋಡಿಯೇ ತೀರ್ಮಾನಿಸಿ.

ದಶಮಾಂಶಕ್ಕೆ ಅಂಟಿಕೊಳ್ಳಬೇಕಿಲ್ಲ. ಚಂಡೀಗಢ ಕಟ್ಟುವಾಗ ಲ ಕಾರ್ಬ್ಯುಸಿಯೆ ಬಳಸಿದ ‘ಮೊಡ್ಯುಲರ್’ ಎಂಬ ಅಳತೆಸರಣಿಯಲ್ಲೂ 43, 70, 113, 183 ಸೆಂ.ಮೀ. ಎಂದು ಪೂರ್ಣಾಂಕಗಳೇ ಇವೆ. 43 ಮತ್ತು 70 ಕೂಡಿದರೆ 113, 70 ಮತ್ತು 113 ಕೂಡಿದರೆ 183; ತುಂಡುಗಳು ಒಂದಕ್ಕೊಂದು ಕೂಡಿಕೊಳ್ಳುವುದೇ ಅದರ ಉಪಯೋಗ. ಈ ಅನುಪಾತ ಇಟ್ಟ ಮಾತ್ರಕ್ಕೆ ವಿನ್ಯಾಸ ಚೆನ್ನಾಗುವುದಿಲ್ಲ. ಅಳತೆಗಳ ನಡುವೆ ನಂಟು ಇಡಲು ಇದೊಂದು ಸಲೀಸಾದ ದಾರಿ.

ಹಂತ 8: ಯಾರಾದರೂ ‘ಇದರಲ್ಲಿಯೂ ಇದೆ’ ಎಂದಾಗ

ಅಳೆಯುವ ಮೊದಲೇ ಎಲ್ಲಿಂದ ಎಲ್ಲಿಗೆ ಎಂದು ಬರೆದಿಡಿ. ಫೋಟೊದ ಮೇಲೆ ಸುರುಳಿ ಇಟ್ಟು ಹೊಂದುವವರೆಗೆ ಜಾರಿಸಿದರೆ ಯಾವ ಮುಖಕ್ಕೂ ಹೊಂದುತ್ತದೆ. ಆಮೇಲೆ ಅಳತೆಯ ತಪ್ಪನ್ನು ಲೆಕ್ಕ ಹಾಕಿ. ಎಟಿಎಂ ಕಾರ್ಡನ್ನೇ ತೆಗೆದುಕೊಳ್ಳಿ, ಅದು ಸುವರ್ಣ ಆಯತ ಎಂಬ ಮಾತು ಬಹಳ ಕಡೆ ಇದೆ. ಅಧಿಕೃತ ಅಳತೆ 85.60 × 53.98 ಮಿ.ಮೀ., ಅನುಪಾತ 1.586. ನಿಮ್ಮ ಸ್ಕೇಲು ಎರಡೂ ಬದಿಯಲ್ಲಿ ಅರ್ಧ ಮಿ.ಮೀ. ತಪ್ಪಿದರೂ ಉತ್ತರ 1.562ರಿಂದ 1.610ರೊಳಗೆ ಇರುತ್ತದೆ, 1.618 ಅದರಾಚೆ. ‘ಶೇ. 5 ಆಚೀಚೆ ಪರವಾಗಿಲ್ಲ’ ಎಂದು ಬಿಟ್ಟರೆ 1.54ರಿಂದ 1.70ರವರೆಗಿನ ಎಲ್ಲವೂ ಸುವರ್ಣವಾಗುತ್ತದೆ, 5:3 ಕೂಡ.

ಅಥೆನ್ಸಿನ ಪಾರ್ಥೆನಾನ್ ದೇಗುಲದ ಕಂಬಗಳು ನಿಂತ ಜಗಲಿ ಸುಮಾರು 69.5 × 30.9 ಮೀಟರ್, ಅಂದರೆ 9:4. ಚಿತ್ರಗಳಲ್ಲಿ ಅದರ ಮುಂಭಾಗಕ್ಕೆ ಸುವರ್ಣ ಆಯತ ಕೂರಿಸುವವರು ಕೆಳಗಿನ ಮೆಟ್ಟಿಲನ್ನು ಎಷ್ಟು ಸೇರಿಸಬೇಕೆಂದು ತಮಗೆ ಬೇಕಾದಂತೆ ಆರಿಸಿಕೊಂಡಿರುತ್ತಾರೆ.

ನಾಟಿಲಸ್ ಎಂಬ ಕಡಲಜೀವಿಯ ಚಿಪ್ಪು ಸುವರ್ಣ ಸುರುಳಿ ಎಂಬ ಮಾತೂ ಇದೆ, ಅದಕ್ಕೆ ಪರೀಕ್ಷೆ ಇನ್ನೂ ಸುಲಭ. ಸೀಳಿದ ಚಿಪ್ಪಿನ ಚಿತ್ರದಲ್ಲಿ ಕೇಂದ್ರದಿಂದ ಹೊರಕ್ಕೆ ಒಂದು ನೇರ ಗೆರೆ ಎಳೆದು, ಸುರುಳಿ ಅದನ್ನು ಕಡಿಯುವ ಎರಡು ಅನುಕ್ರಮ ಬಿಂದುಗಳ ದೂರವನ್ನು ಕೇಂದ್ರದಿಂದಲೇ ಅಳೆಯಿರಿ. ಹೊರಗಿನದನ್ನು ಒಳಗಿನದರಿಂದ ಭಾಗಿಸಿ. ಕಾಲುಸುತ್ತಿಗೆ ಫೈಯಷ್ಟು ಬೆಳೆಯುವ ಸುವರ್ಣ ಸುರುಳಿಯಾದರೆ ಪೂರ್ತಿ ಸುತ್ತಿಗೆ 6.85 ಬರಬೇಕು. ನಾಟಿಲಸ್‌ನಲ್ಲಿ ಬರುವುದು 3ರ ಆಸುಪಾಸು.